ಅಪ್‌ಡೇಟ್: ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿನ ದೊಡ್ಡ ಟರ್ಬೊ ಕೊನೆಗೂ ಬೂಸ್ಟ್ ಕೊಟ್ಟಿತು

ಕಾರಿನ ಜೊತೆ ಬಂದ ಐಎಸ್20 ಟರ್ಬೊ ತೆಗೆದು ಅದಕ್ಕಿಂತ ದೊಡ್ಡ ಐಎಸ್38 ಹಾಕಿಸಿದ ಮೇಲೆ ಫುಲ್ ಥ್ರಾಟಲ್‌ನಲ್ಲಿ ಬೂಸ್ಟ್ (ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ) ಏರುತ್ತಿಲ್ಲ, ಬೂಸ್ಟ್ ಕಡಿಮೆ ಎನ್ನುವ ಪಿ0299 ಕೋಡ್ ಬರುತ್ತಿದೆ ಎಂದು ಕೇಳಿದ್ದೆನಲ್ಲ, ಅದು ಸರಿಯಾಯಿತು.

ಥ್ರಾಟಲ್ ಬಿಟ್ಟಾಗ ಬೂಸ್ಟ್ ಇಳಿಸುವ ಡೈವರ್ಟರ್ ವಾಲ್ವ್ ಬದಲಿಸಿದೆ, ದುಡ್ಡು ಹೋಯಿತು ಅಷ್ಟೇ. ಸ್ಪಾರ್ಕ್ ಪ್ಲಗ್ ಗ್ಯಾಪ್ ಕಡಿಮೆ ಮಾಡಿದಾಗ ಮಿಸ್‌ಫೈರ್ ನಿಂತಿತು, ಬೂಸ್ಟ್ ಮಾತ್ರ ಅಲ್ಲೇ. ಗಾಳಿ ಪೈಪ್‌ಗಳಿಗೆ ಹೊಗೆ ತುಂಬಿ ನೋಡುವ ಸ್ಮೋಕ್ ಟೆಸ್ಟ್‌ನಲ್ಲೂ ಲೀಕ್ ಸಿಗಲಿಲ್ಲ.

ಕೆಲಸ ಮಾಡಿದ್ದು ವೇಸ್ಟ್‌ಗೇಟ್ (ಹೆಚ್ಚಾದ ಎಕ್ಸಾಸ್ಟ್ ಗ್ಯಾಸನ್ನು ಟರ್ಬೈನ್ ಪಕ್ಕದಿಂದ ಬಿಡುವ ಬಾಗಿಲು) ನೋಡಿ ಎಂಬ ಸಲಹೆ. ಈ ಎಂಜಿನ್‌ನಲ್ಲಿ ಅದನ್ನು ಆಡಿಸುವುದು ಎಲೆಕ್ಟ್ರಿಕ್ ಮೋಟಾರ್. ಟರ್ಬೊ ಬದಲಿಸಿದರೆ ರಾಡ್ ಹೊಂದಿಸಿ, ಸ್ಕ್ಯಾನರ್ ಹಾಕಿ ಅಡಾಪ್ಟೇಶನ್ (ಗೇಟ್ ಎಲ್ಲಿ ಮುಚ್ಚುತ್ತದೆ, ಎಲ್ಲಿ ತೆರೆಯುತ್ತದೆ ಎಂದು ಕಾರಿನ ಕಂಪ್ಯೂಟರ್‌ಗೆ ಕಲಿಸುವುದು) ಮಾಡಲೇಬೇಕು. ಇಲ್ಲದಿದ್ದರೆ ಗೇಟ್ ಪೂರ್ತಿ ಮುಚ್ಚುವುದಿಲ್ಲ, ಎಕ್ಸಾಸ್ಟ್ ಗ್ಯಾಸ್ ಟರ್ಬೈನ್ ತಿರುಗಿಸದೆ ಪಕ್ಕದಿಂದ ಜಾರಿಹೋಗುತ್ತದೆ. ಗ್ಯಾರೇಜಿನವರು ಅದನ್ನೇ ಬಿಟ್ಟಿದ್ದರು! ಸಲಹೆ ಕೊಟ್ಟವರಿಗೆ ಫಿಲ್ಟರ್ ಕಾಫಿ ಬಾಕಿ.

ಅಚ್ಚರಿ ಎಂದರೆ, ಊರೊಳಗೆ ಕಾರು ಮೊದಲಿಗಿಂತ ಮಂಕು. ದೊಡ್ಡ ಟರ್ಬೊ ವೇಗ ಹಿಡಿಯುವುದು ತಡ, 3000 ಆರ್‌ಪಿಎಂ ದಾಟಿದ ಮೇಲೇ ಮಜಾ. ಜೊತೆಗೆ ನಮ್ಮ ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಅಷ್ಟೇ ಬೂಸ್ಟ್‌ಗೆ ಟರ್ಬೊ ಜಾಸ್ತಿ ಸುತ್ತಬೇಕು ಅಲ್ವಾ.

ಸಾದಾ ಪೆಟ್ರೋಲ್‌ನಲ್ಲಿ ನಾಕ್ (ಇಂಧನ ತಾನಾಗಿಯೇ ಹೊತ್ತಿ ಬಡಿಯುವುದು) ಆಗಿ ಇಗ್ನಿಷನ್ ಟೈಮಿಂಗ್ ಹಿಂದೆ ಸರಿಯುವುದು ಲಾಗ್‌ನಲ್ಲಿ ಕಾಣುತ್ತಿತ್ತು. ನಾಕ್ ತಡೆಯುವ 95 ಆಕ್ಟೇನ್ ಪೆಟ್ರೋಲ್ ಹಾಕಿದ ಮೇಲೆ ತಗ್ಗಿದೆ. ಇನ್ನು ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಟ್ಯೂನ್ ಮಾಡಿಸಬೇಕು, ಈ ಟಾರ್ಕ್‌ಗೆ ಹಳೆ ಸೆಟ್ಟಿಂಗ್‌ನಲ್ಲಿ ಕ್ಲಚ್ ಜಾರುತ್ತದೆ.