ಸರ್ಟ್ರಾಲಿನ್ ಗುಳಿಗೆ ಸಿಗುತ್ತಿಲ್ಲ: ಇಂಥ ದಿನಗಳನ್ನು ದಾಟಿದವರು ದಯವಿಟ್ಟು ಅನುಭವ ತಿಳಿಸಿ

ಕೇಳಿದವರು, ಸೇಡಂ ರಸ್ತೆ, ಕಲಬುರಗಿ:
ಎರಡು ವರ್ಷಗಳಿಂದ, ಖಿನ್ನತೆ, ಆತಂಕಗಳಿಗೆ ಕೊಡುವ ಸರ್ಟ್ರಾಲಿನ್ 50 ಮಿಲಿಗ್ರಾಂ ಗುಳಿಗೆ ನುಂಗುತ್ತಿದ್ದೇನೆ. ಮೂರು ವಾರಗಳಿಂದ ಸೂಪರ್ ಮಾರ್ಕೆಟ್ ಪೇಟೆಯ ಸುತ್ತಮುತ್ತ ಯಾವ ಮೆಡಿಕಲ್‌ನಲ್ಲಿ ಕೇಳಿದರೂ ‘ಮೇಲಿನಿಂದಲೇ ಮಾಲು ಬಂದಿಲ್ಲ’ ಎನ್ನುತ್ತಾರೆ. ಒಂಬತ್ತು ಗುಳಿಗೆಗಳು ಉಳಿದಿವೆ. ನಮ್ಮ ವೈದ್ಯರು ಊರಲ್ಲಿಲ್ಲ, ಬರುವುದು ಹದಿನೈದು ದಿನಗಳ ನಂತರ. ಅರ್ಧರ್ಧ ಮಾಡಿ ನುಂಗಲೇ, ಬೇರೆ ಕಂಪನಿಯದನ್ನು ಕೊಳ್ಳಲೇ?

ಹುಮನಾಬಾದಿನ ಹೊಲಿಗೆಯವರು:
ಅಣ್ಣಾ, ಅರ್ಧ ಮಾಡುವ ಮಾತೊಂದನ್ನು ಆಡಬೇಡಿ. ಕಳೆದ ವರ್ಷ ನಾನು ಅದೇ ಜಾಣತನ ತೋರಿಸಿ, ಎಂಟು ಗುಳಿಗೆಗಳನ್ನು ಬ್ಲೇಡಿನಿಂದ ಕತ್ತರಿಸಿದೆ. ಅದರಲ್ಲಿ ಮೂರು ಪುಡಿಯಾದವು. ಆ ಪುಡಿಯನ್ನೂ ಬೆರಳಿಗೆ ಹತ್ತಿಸಿಕೊಂಡು ನೆಕ್ಕಿದ್ದೇನೆ. ಅವೂ ಮುಗಿದ ಮೇಲೆ ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತಾ ಕುಳಿತಾಗ, ಕತ್ತು ಹೊರಳಿಸಿದರೆ ಸಾಕು, ಕಿವಿಯ ಹಿಂದೆ ಕರೆಂಟು ತಗುಲಿದಂತೆ ಜುಮ್ಮೆನ್ನುತ್ತಿತ್ತು. ಎರಡು ರೊಟ್ಟಿ ಹೆಂಚಿನ ಮೇಲೆಯೇ ಸುಟ್ಟು ಕರಿಯಾದವು. ಬೀದರಿಗೆ ಮೂರು ಬಾರಿ ಹೋದೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ನಿಜ. ಆದರೆ ಆಟೋಕ್ಕೆ 240, ಊಟಕ್ಕೆ 110, ಲಗ್ನದ ಕಾಲದಲ್ಲಿ ಕೈಬಿಟ್ಟ ಏಳು ಕುಪ್ಪಸಗಳ ಹೊಲಿಗೆ 1,400. ಮೂರನೆಯ ಬಾರಿ ಜನೌಷಧಿ ಕೇಂದ್ರದಲ್ಲಿ ಸಿಕ್ಕಿತು. ಆ ದಿನ ಬಸ್ ನಿಲ್ದಾಣದಲ್ಲಿ ಕುಳಿತು ಅತ್ತದ್ದನ್ನು ಮನೆಯಲ್ಲಿ ಇಂದಿಗೂ ಹೇಳಿಲ್ಲ.

ಶಹಾಪುರದ ರೈತರು:
ಅಕ್ಕನವರಿಗೆ ಬಸ್ಸು ಉಚಿತ. ಗಂಡಸರ ಲೆಕ್ಕ ಬೇರೆ. ನನ್ನದು ಅದೇ ಬಗೆಯ ಇನ್ನೊಂದು ಗುಳಿಗೆ, ಎಸಿಟಾಲೋಪ್ರಾಂ 10. ಅದು ಸಿಗದಿದ್ದಾಗ ಅಂಗಡಿಯವನು ‘ಅದೇ ಇದು’ ಎಂದು ಹೆಸರಿನ ಮುಂದೆ ‘ಪ್ಲಸ್’ ಎಂದಿದ್ದ ಗುಳಿಗೆಯ ಪಟ್ಟಿಯೊಂದನ್ನು ಕೊಟ್ಟ. ಹನ್ನೊಂದು ದಿನ ನುಂಗಿದೆ. ತೊಗರಿ ಹೂವು ಬಿಟ್ಟು ಕಾಯಿಕೊರಕ ಹತ್ತಿದ ಹೊತ್ತು ಅದು. ಹೊಲಕ್ಕೆ ಹೋಗಬೇಕಾದವನು ಹಗಲೆಲ್ಲ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದೆ. ಬೆಳೆಗೆ ಔಷಧಿ ಹೊಡೆಯುವುದು ಒಂಬತ್ತು ದಿನ ತಡವಾಯಿತು. ಕಡೆಗೆ ಬಾಡಿಗೆ ಕಾರು ಮಾಡಿಕೊಂಡು ಕಲಬುರಗಿಗೆ ಹೋದೆ: ಕಾರಿಗೆ 2,600, ವೈದ್ಯರಿಗೆ 500, ಏಕೆಂದು ಇನ್ನೂ ತಿಳಿಯದ ರಕ್ತಪರೀಕ್ಷೆಗೆ 1,150. ಔಷಧದ ಅಂಗಡಿಯವರನ್ನು ನಂಬುವವರು ನಂಬಲಿ.

ಬೀದರಿನ ನಿವೃತ್ತ ಫಾರ್ಮಸಿಸ್ಟ್:
ಮೂವತ್ತೊಂದು ವರ್ಷ ಕೌಂಟರಿನ ಹಿಂದೆ ನಿಂತವನು ನಾನು. ಒಬ್ಬನ ತಪ್ಪಿಗೆ ಎಲ್ಲರನ್ನೂ ಒಂದೇ ನೊಗಕ್ಕೆ ಕಟ್ಟಬೇಡಿ. ನಿಮಗೆ ಕೊಟ್ಟದ್ದು ಬಹುಶಃ ಕ್ಲೊನಾಜೆಪಾಮ್ ಬೆರೆಸಿದ ಗುಳಿಗೆ. ನಿದ್ದೆ ಬಂದದ್ದು ಅದರಿಂದ, ಮತ್ತು ಅದು ರೂಢಿಯಾದರೆ ಬಿಡಿಸುವುದು ಇನ್ನೊಂದು ರಗಳೆ. ಪಟ್ಟಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದದೆ ಹನ್ನೊಂದು ದಿನ ನುಂಗಿದವರು ಯಾರು? ಕೇಳಿದವರಿಗೆ ಹೇಳುವುದಿಷ್ಟು: ಕಂಪನಿಯ ಹೆಸರು ಬಿಟ್ಟು ವೈದ್ಯರ ಚೀಟಿಯನ್ನು ಮುಂದಿಟ್ಟು ‘ಸರ್ಟ್ರಾಲಿನ್ 50, ಬೇರೇನೂ ಬೆರೆಯದ್ದು’ ಎಂದು ಕೇಳಿ, 50 ಇಲ್ಲವಾದರೆ 25ರ ಎರಡು ಗುಳಿಗೆಗಳಾಗುತ್ತವೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು; ನಿಮ್ಮ ವೈದ್ಯರು ಬರುವವರೆಗೆ ಕಾಯಬೇಕಾಗಿಲ್ಲ.

ಯಾದಗಿರಿಯ ವಕೀಲರ ಗುಮಾಸ್ತರು:
ಎಲ್ಲರೂ ಅಂಗಡಿಯ ಸುತ್ತಲೇ ಸುತ್ತುತ್ತಿದ್ದೀರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೆಯ ಕಲಮಿನ ಪ್ರಕಾರ, ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಔಷಧಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲಕ್ಕೂ ಉಚಿತವಾಗಿ ಕೊಡಬೇಕು. ನಾನು ಆ ಪುಟವನ್ನು ಝೆರಾಕ್ಸ್ ಮಾಡಿಸಿಕೊಂಡೇ ಆಸ್ಪತ್ರೆಯೊಂದಕ್ಕೆ ಹೋದವನು. 2022ರ ರಾಷ್ಟ್ರೀಯ ಪಟ್ಟಿಯಲ್ಲಿ ಎಸಿಟಾಲೋಪ್ರಾಂ, ಫ್ಲೂಕ್ಸೆಟಿನ್, ಅಮಿಟ್ರಿಪ್ಟಿಲಿನ್ ಇವೆ. ನನ್ನ ಸರ್ಟ್ರಾಲಿನ್ ಇರಲಿಲ್ಲ. ಅಲ್ಲಿಯ ವೈದ್ಯರು ಅಮಿಟ್ರಿಪ್ಟಿಲಿನ್ ಬರೆದರು. ಬಾಯಿ ಸುಣ್ಣ ಬಳಿದಂತೆ ಒಣಗಿತು, ನಾಲ್ಕು ತಿಂಗಳಲ್ಲಿ ಆರು ಕಿಲೋ ತೂಕ ಏರಿತು, ಕೋರ್ಟಿನಲ್ಲಿ ಕಡತ ಹಿಡಿದೇ ತೂಕಡಿಸಿ ಸಾಹೇಬರಿಂದ ಬೈಸಿಕೊಂಡೆ. ಆದರೂ ಹಕ್ಕಿನಿಂದ ಪಡೆದ ಗುಳಿಗೆ ಅದು.

ಶಹಾಪುರದ ರೈತರು:
ಹಕ್ಕಿನಿಂದ ತೂಕಡಿಸಿದಿರಿ, ನಾನು ದುಡ್ಡು ಕೊಟ್ಟು ತೂಕಡಿಸಿದೆ. ವ್ಯತ್ಯಾಸವೇನು?

ಕಲಬುರಗಿ, ಹೆಸರು ಬೇಡ:
ಇಷ್ಟೆಲ್ಲ ಪಡಿಪಾಟಲು ಮುಂದಾಲೋಚನೆ ಇಲ್ಲದ್ದರಿಂದ. 2020ರಲ್ಲಿ, ಕೋವಿಡ್ ಕಾಲಕ್ಕೆ ಬೇಡಿಕೆ ಹೆಚ್ಚಿ, ಅಮೆರಿಕದಲ್ಲಿಯೇ ಸರ್ಟ್ರಾಲಿನ್ ಕೊರತೆಯ ಔಷಧಗಳ ಪಟ್ಟಿಗೆ ಸೇರಿತ್ತು. ಅಂದಿನಿಂದ ನಾನು ಆರು ತಿಂಗಳ ಮಾಲನ್ನು ಅಲಮಾರಿಯಲ್ಲಿ ಇಟ್ಟುಕೊಂಡೇ ಇರುತ್ತೇನೆ. ಒಂದು ದಿನವೂ ತಪ್ಪಿಲ್ಲ. ಬೇಕಾದರೆ ಕೇಳಿದವರಿಗೆ ಎರಡು ಪಟ್ಟಿ ಗುಳಿಗೆ ಕೊಡುತ್ತೇನೆ.

ಹುಮನಾಬಾದಿನ ಹೊಲಿಗೆಯವರು:
ನಾನು ಪುಡಿ ನೆಕ್ಕುತ್ತಿದ್ದಾಗ ಹದಿನೆಂಟು ಪಟ್ಟಿಗಳು ನಿಮ್ಮ ಅಲಮಾರಿಯಲ್ಲಿ ಮಲಗಿದ್ದವು ಎಂದಾಯಿತು. ಇದನ್ನು ಮುಂದಾಲೋಚನೆ ಎನ್ನುವವರು ನೀವೊಬ್ಬರೇ ಇರಬೇಕು.

ಕಲಬುರಗಿ, ಹೆಸರು ಬೇಡ:
ನನ್ನ ದುಡ್ಡು, ನನ್ನ ಚೀಟಿ. 2019ರಲ್ಲಿ ಗುಳಿಗೆ ತಪ್ಪಿ ನಾನು ಯಾವ ಸ್ಥಿತಿಗೆ ಇಳಿದಿದ್ದೆ ಎಂಬುದು ನನ್ನ ಹೆಂಡತಿಗೆ ಗೊತ್ತು. ಅಕ್ಕನವರಿಗೆ ಲೆಕ್ಕ ಒಪ್ಪಿಸುವ ಅಗತ್ಯ ನನಗಿಲ್ಲ.

ಬೀದರಿನ ನಿವೃತ್ತ ಫಾರ್ಮಸಿಸ್ಟ್:
ಒಂದೇ ಚೀಟಿಗೆ ಆರು ತಿಂಗಳ ಮಾಲು ಕೊಟ್ಟ ಪುಣ್ಯಾತ್ಮ ಯಾರು? ಅದಿರಲಿ, ಅಲಮಾರಿ ಇರುವುದು ಯಾವ ಕೋಣೆಯಲ್ಲಿ? ಪತ್ರಾಸಿನ, ಅಂದರೆ ತಗಡು ಹೊದಿಸಿದ ಮನೆಯಾಗಿದ್ದರೆ ಮೇ ತಿಂಗಳ ಕಲಬುರಗಿಯ ಬಿಸಿಲಿಗೆ ಒಳಗಿನ ಕಾವು ನಲವತ್ತು ದಾಟುತ್ತದೆ. ಆ ಗುಳಿಗೆಗಳನ್ನು ಇಡಬೇಕಾದದ್ದು ತಂಪಾದ ಒಣ ಜಾಗದಲ್ಲಿ. ಚೀಟಿಯ ಔಷಧವನ್ನು ಹೀಗೆ ಕೈಯಿಂದ ಕೈಗೆ ದಾಟಿಸುವುದೂ ಸರಿಯಲ್ಲ.

ಕೇಳಿದವರು, ಸೇಡಂ ರಸ್ತೆ, ಕಲಬುರಗಿ:
ಹಿರಿಯರು ಹೇಳಿದಂತೆ 25ರ ಗುಳಿಗೆಯನ್ನು ಎರಡು ಅಂಗಡಿಗಳಲ್ಲಿ ಕೇಳಿದೆ, ಇಲ್ಲ. 14416ಕ್ಕೆ ಇಂದು ಸಂಜೆ ಕರೆ ಮಾಡುತ್ತೇನೆ. ಈಗ ಆರು ಉಳಿದಿವೆ. ನಿಮ್ಮ ಆ ಎರಡು ಪಟ್ಟಿಗಳ ಅವಧಿ ಯಾವ ತಿಂಗಳವರೆಗೆ ಇದೆ?

ಕಲಬುರಗಿ, ಹೆಸರು ಬೇಡ:
ಒಂದರದು ಮುಂದಿನ ಮಾರ್ಚ್. ಇನ್ನೊಂದನ್ನು ಅಂಗಡಿಯವನು ಕತ್ತರಿಯಿಂದ ಕತ್ತರಿಸಿ ಕೊಟ್ಟಿದ್ದ. ತಾರೀಖು ಇದ್ದ ತುದಿ ಅವನ ಬಳಿಯೇ ಉಳಿದಿದೆ.