ಪದಚರ್ಚೆ: ಬಟ್ಟಿ ಕಾಲಂನ 'ಪ್ಯಾಕಿಂಗ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ಬಟ್ಟಿ ಇಳಿಸುವ ಕಾಲಂ ನಡೆಸುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕಾಲಂ ಅಂದರೆ ಆವಿ ಏರಿ ದ್ರವ ಇಳಿಯುತ್ತಾ ಮಿಶ್ರಣ ಬೇರ್ಪಡುವ ಎತ್ತರದ ಕೊಳವೆಗೋಪುರ. ಎರಡೂ ಚೆನ್ನಾಗಿ ಸೋಕಲಿ ಅಂತ ಅದರೊಳಗೆ ಇಡುವ ತುಂಡು, ತಗಡುಗಳೇ 'ಪ್ಯಾಕಿಂಗ್'. ಈ ಪದದ ಹತ್ತಿರ ಬಂದು ನಿಂತಿದ್ದೇನೆ. ಹಾಗೇ ಬಿಟ್ಟರೆ ಸಾಮಾನು ಕಟ್ಟಿಡುವುದು ನೆನಪಾಗುತ್ತದೆ. 'ತುಂಬು' ಎಂದು ಬರೆದು ನೋಡಿದೆ. ಅದೂ ಒಗ್ಗಲಿಲ್ಲ. ತುಂಬು ಅಂದರೆ ಒಳಗೆ ಜಾಗವೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ 25 ಮಿಲಿಮೀಟರಿನ ಲೋಹದ ಪಾಲ್ ರಿಂಗ್ (ಗಿಡ್ಡ ಕೊಳವೆಯಂಥ ತುಂಡು) ಸುರಿದ ಕಾಲಂನಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಭಾಗ ಖಾಲಿಯೇ ಇರುತ್ತದೆ. ಮೇಲಿಂದ ದ್ರವ ಇಳಿಯಬೇಕು, ಕೆಳಗಿಂದ ಆವಿ ಏರಬೇಕು. ಎರಡಕ್ಕೂ ದಾರಿ ಬೇಕು.

ಇಲ್ಲಿ ಆಕಾರವೇ ಮುಖ್ಯ. ರಾಶಿಗ್ ರಿಂಗ್ ಅಂದರೆ ಎತ್ತರವೂ ಅಡ್ಡಗಲವೂ ಒಂದೇ ಇರುವ ಗಿಡ್ಡ ಕೊಳವೆ ತುಂಡು. ಅಡ್ಡ ಬಿದ್ದರೆ ಅದರ ಗೋಡೆಯೇ ಆವಿಗೆ ತಡೆ. ಒಳಮೈಗೆ ದ್ರವವೂ ಸರಿಯಾಗಿ ತಲುಪುವುದಿಲ್ಲ. ಪಾಲ್ ರಿಂಗ್ ಕೂಡ ಅಂಥದ್ದೇ ತುಂಡು, ಆದರೆ ಗೋಡೆಯಲ್ಲಿ ಕಿಟಕಿ ಕತ್ತರಿಸಿ, ಆ ನಾಲಿಗೆಗಳನ್ನು ಒಳಕ್ಕೆ ಬಗ್ಗಿಸಿರುತ್ತಾರೆ. ಲೋಹ ಅಷ್ಟೇ, ಮೈಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಹೇಗೆ ಬಿದ್ದರೂ ಆವಿ ಕಿಟಕಿಯಲ್ಲಿ ನುಸುಳುತ್ತದೆ, ದ್ರವ ನಾಲಿಗೆಯಿಂದ ನಾಲಿಗೆಗೆ ತೊಟ್ಟಿಕ್ಕುತ್ತದೆ. ಎರಡೂ ಬೆರೆಯುವುದು ಒದ್ದೆಯಾದ ಮೈಮೇಲೆ ತಾನೆ? ಒಣಗಿ ಕೂತ ಮೈ ಲೆಕ್ಕಕ್ಕಿಲ್ಲ.

ಅದಕ್ಕೇ ನನಗೆ 'ಹರವು' ಹಿಡಿಸಿದೆ. ಒದ್ದೆ ಬಟ್ಟೆಯನ್ನು ಮುದ್ದೆ ಮಾಡಿಟ್ಟರೆ ಒಣಗುವುದಿಲ್ಲ, ಹರವುತ್ತೇವೆ. ಕಾಲಂ ಒಳಗೂ ಇದೇ ಕೆಲಸ: ದ್ರವವನ್ನು ತೆಳ್ಳಗೆ ಹರವಿ ಆವಿಗೆ ಒಡ್ಡುವುದು. ತೊಡಕು ಒಂದೇ. 'ಹರವು' ಎಂದರೆ ವಿಸ್ತಾರ ಅನ್ನುವ ಅರ್ಥ ಮೊದಲೇ ಇದೆ. ಒಂದು ಘನ ಮೀಟರಿಗೆ 250 ಚದರ ಮೀಟರು ಮೈ ಅನ್ನುವಂಥ ಅಳತೆಗೂ ಅದೇ ಪದ ಬೇಕಾಗಬಹುದು. ವಸ್ತುವಿಗೆ 'ಹರವುಗ' ಅಂದರೆ ಕಿವಿಗೆ ಒರಟಾಯಿತೇ?

ಬಗೆಗಳಿಗೆ ಪದ ಸುಲಭವಾಗಿ ಸಿಕ್ಕವು. ಕೈಗೆ ಬಂದಂತೆ ಬೀಳುವ ರಿಂಗುಗಳದ್ದು 'ಸುರಿದ ಹರವು'. ಸುಕ್ಕುಸುಕ್ಕಾದ ತಗಡುಗಳನ್ನು ಸಾಲಾಗಿ ನಿಲ್ಲಿಸಿದ್ದು 'ಜೋಡಿಸಿದ ಹರವು'. ಅಕ್ಕಪಕ್ಕದ ತಗಡುಗಳ ಸುಕ್ಕು ಎದುರುಬದುರಾಗಿ, ಸಾಮಾನ್ಯವಾಗಿ 45 ಡಿಗ್ರಿ ಓರೆಯಲ್ಲಿ ಇರುತ್ತದೆ. ಓರೆಯನ್ನು ಇನ್ನೂ ಕಡಿದಾಗಿಸಿ 60 ಮಾಡಿದರೆ ಆವಿ ಸಲೀಸಾಗಿ ಏರುತ್ತದೆ, ಆದರೆ ಅಷ್ಟೇ ಎತ್ತರದಲ್ಲಿ ಬೇರ್ಪಡುವುದು ಸ್ವಲ್ಪ ಕಡಿಮೆ.

ಇನ್ನೊಂದು ಕೇಳಬೇಕು. ಆವಿಯ ವೇಗ ಮಿತಿ ಮೀರಿದರೆ ದ್ರವ ಇಳಿಯಲಾಗದೆ ನಡುವೆಯೇ ಕಟ್ಟಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಇದು 'ಫ್ಲಡಿಂಗ್'. ಇದನ್ನು 'ಪ್ರವಾಹ' ಅಂದರೆ ಹರಿಯುತ್ತಿದೆ ಅಂತಲೇ ಓದುತ್ತಾರೆ. ನಾನು ಸದ್ಯಕ್ಕೆ 'ದ್ರವ ಕಟ್ಟುವುದು' ಎಂದು ಬರೆದಿದ್ದೇನೆ. ಕಾಲಂ ಹತ್ತಿರ ಕೆಲಸ ಮಾಡುವವರು ಮಾತಿನಲ್ಲಿ ಏನನ್ನುತ್ತೀರಿ?