ಸಾವಯವ ತರಕಾರಿಗೆ ಸಸ್ಯಮೂಲ ಕೀಟನಾಶಕ: ಹಾಸನ–ಚಿಕ್ಕಮಗಳೂರು ಬೆಳೆಗಾರರ ಗುಂಪಿನ ಪ್ರಶ್ನೋತ್ತರ

ಕಡೂರಿನ ಸದಸ್ಯರು: ಮೇಡಂ, ನಮಸ್ಕಾರ. ಎಲೆಕೋಸಿನ ಎಲೆಗಳನ್ನು ವಜ್ರಬೆನ್ನಿನ ಪತಂಗದ ಹುಳುಗಳು ತೂತು ಮಾಡುತ್ತಿವೆ. ಬೇವಿನ ಬೀಜದ ಕಷಾಯ ಸಿಂಪಡಿಸಿದ ಮರುದಿನವೂ ಹುಳುಗಳು ಜೀವಂತವಾಗಿವೆ. ಕಷಾಯದಲ್ಲಿ ದೋಷವಿದೆಯೇ?

ಕೀಟತಜ್ಞೆ: ನಮಸ್ಕಾರ. ಮರುದಿನ ಹುಳು ಬದುಕಿದ್ದರೆ ಕಷಾಯ ಕೆಲಸ ಮಾಡಲಿಲ್ಲವೆಂದು ತಿಳಿಯಬೇಡಿ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳುವನ್ನು ಕೂಡಲೇ ಕೊಲ್ಲುವುದಿಲ್ಲ. ಅದು ಎಲೆ ತಿನ್ನುವುದನ್ನು ಕುಗ್ಗಿಸಿ, ಪೊರೆ ಕಳಚಿ ಬೆಳೆಯದಂತೆ ತಡೆಯುತ್ತದೆ. ಮೂರು–ನಾಲ್ಕು ದಿನ ಕಳೆದ ಮೇಲೆ ಹೊಸ ತೂತುಗಳು ಬೀಳುತ್ತಿವೆಯೇ ಎಂದು ನೋಡಿ. 5 ಕಿಲೋ ಬೀಜದ ತಿರುಳನ್ನು ಪುಡಿ ಮಾಡಿ, 10 ಲೀಟರ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಶೋಧಿಸಿ, ಸುಮಾರು 200 ಗ್ರಾಂ ಸೋಪು ಕರಗಿಸಿ, ಒಟ್ಟು 100 ಲೀಟರ್ ಮಾಡಿಕೊಂಡು ಅದೇ ದಿನ ಸಂಜೆ ಸಿಂಪಡಿಸಬೇಕು. ಬಿಸಿಲಿನಲ್ಲಿ ಬೇವಿನ ಸತ್ವ ಬೇಗ ಕೆಡುತ್ತದೆ. ಮುಂದಿನ ಬೆಳೆಗೆ 25 ಸಾಲು ಕೋಸಿನ ಆಚೀಚೆ ಸಾಸಿವೆ ಬಿತ್ತಿರಿ: ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ. ಪತಂಗಗಳು ಸಾಸಿವೆಯತ್ತ ಸೆಳೆಯಲ್ಪಡುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಈ ಪದ್ಧತಿ ಸಣ್ಣ ಹಿಡುವಳಿಗೂ ಹೊಂದುತ್ತದೆ.

ಮೂಡಿಗೆರೆಯ ಸದಸ್ಯರು: ನಮ್ಮ ಮಲೆನಾಡಿನಲ್ಲಿ ಬೇವಿನ ಮರ ಸಿಗುವುದೇ ಅಪರೂಪ. ಬೀಜಕ್ಕೆ ಏನು ಮಾಡುವುದು?

ಕೀಟತಜ್ಞೆ: ಅರಸೀಕೆರೆ, ಕಡೂರಿನ ಬಯಲು ಸೀಮೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹಣ್ಣು ಉದುರುತ್ತದೆ. ಆಗ ತರಿಸಿ, ಹಣ್ಣಿನ ಮೇಲಿನ ಮೆತ್ತನೆಯ ಭಾಗವನ್ನು ತೆಗೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿಡಿ. ಬೂಷ್ಟು ಹಿಡಿದ ಬೀಜವನ್ನು ಬಳಸಬೇಡಿ. ನಿಮ್ಮಲ್ಲಿ ಮಳೆ ಹೆಚ್ಚಾದ್ದರಿಂದ ಮಳೆ ಬಂದ ಮೇಲೆ ಮತ್ತೆ ಸಿಂಪಡಿಸಬೇಕಾಗುತ್ತದೆ.

ಬೇಲೂರಿನ ಸದಸ್ಯರು: ಮೇಡಂ, ಬೇವಿನ ಕಷಾಯದ ಪ್ರಮಾಣವನ್ನು ದಯವಿಟ್ಟು ತಿಳಿಸಿ.

ಕೀಟತಜ್ಞೆ: ಮೇಲೆ ಬರೆದಿದ್ದೇನೆ.

ಅರಕಲಗೂಡಿನ ಸದಸ್ಯರು: ಈ ಗುಂಪಿನಲ್ಲೇ ಬಂದ ಸಂದೇಶದಂತೆ ತಂಬಾಕಿನ ಎಲೆಯನ್ನು ನೀರಿನಲ್ಲಿ ನೆನೆಸಿ, ಸುಣ್ಣ ಮತ್ತು ಸೋಪು ಸೇರಿಸಿ ಹುರುಳಿಕಾಯಿಯ ಹೇನಿಗೆ ಸಿಂಪಡಿಸಿದೆವು. ಬೆನ್ನಿನ ಕ್ಯಾನು ಸೋರಿ ತಂದೆಯವರ ಅಂಗಿ ಒದ್ದೆಯಾಗಿತ್ತು. ಈಗ ಅವರಿಗೆ ತಲೆ ಸುತ್ತು, ವಾಂತಿ, ವಿಪರೀತ ಬೆವರು. ಬಿಸಿಲಿನ ತಾಪವಿರಬಹುದೇ? ಟೊಮೇಟೊಗೂ ಅದನ್ನೇ ಹೊಡೆಯಬಹುದೇ?

ಕೀಟತಜ್ಞೆ: ಮೊದಲು ಬೆಳೆಯನ್ನು ಮರೆತು ತಂದೆಯವರನ್ನು ನೋಡಿಕೊಳ್ಳಿ. ಒದ್ದೆ ಬಟ್ಟೆಯನ್ನು ಈ ಕ್ಷಣ ತೆಗೆಸಿ, ಕೈಗವಸು ಅಥವಾ ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡು ಅವರ ಮೈಯನ್ನು ಸೋಪು ಮತ್ತು ಧಾರಾಳ ನೀರಿನಿಂದ ತೊಳೆಯಿರಿ. 108ಕ್ಕೆ ಕರೆ ಮಾಡಿ ಅಥವಾ ನೇರವಾಗಿ ಆಸ್ಪತ್ರೆಗೆ ಕರೆದೊಯ್ದು, ತಂಬಾಕಿನ ಕಷಾಯ ಮೈಮೇಲೆ ಬಿದ್ದಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ನಿಂಬೆರಸ, ಮಜ್ಜಿಗೆ ಎಂದು ಏನನ್ನೂ ಕುಡಿಸಬೇಡಿ.

ಇದು ಬಿಸಿಲಿನ ತಾಪವೆಂದು ಕಾಯುವ ವಿಷಯವಲ್ಲ, ತಂಬಾಕಿನಲ್ಲಿರುವ ನಿಕೋಟಿನ್ ವಿಷದ ಲಕ್ಷಣಗಳು ಹೀಗೆಯೇ ಇರುತ್ತವೆ. ನಿಕೋಟಿನ್ ಚರ್ಮದ ಮೂಲಕ ರಕ್ತ ಸೇರುತ್ತದೆ. ಸುಣ್ಣ ಬೆರೆಸಿದಾಗ ಅದು ಇನ್ನೂ ಸುಲಭವಾಗಿ ಚರ್ಮದೊಳಗೆ ಇಳಿಯುವ ರೂಪಕ್ಕೆ ಬರುತ್ತದೆ. ಆ ಸಂದೇಶವನ್ನು ಬರೆದವರು ಯಾರೋ ಗೊತ್ತಿಲ್ಲ, ಆದರೆ ಓದದೆ ಮುಂದಕ್ಕೆ ಕಳುಹಿಸಿದವರು ಇಲ್ಲೇ ಇದ್ದಾರೆ. ನಮ್ಮ ದೇಶದಲ್ಲಿ ಕೃಷಿಗೆ ನಿಕೋಟಿನ್ ಸಲ್ಫೇಟ್ ಕೀಟನಾಶಕದ ಬಳಕೆಯನ್ನು ನಿಷೇಧಿಸಲಾಗಿದೆ. ಅಳತೆಯೇ ಇಲ್ಲದೆ ಅದೇ ವಿಷವನ್ನು ಮನೆಯ ಬಕೆಟ್ಟಿನಲ್ಲಿ ತಯಾರಿಸುವುದನ್ನು ಸಹಜ ಕೃಷಿ ಎಂದು ಕರೆಯಲಾಗದು.

ಟೊಮೇಟೊಗೆ ಖಂಡಿತ ಬೇಡ. ತಂಬಾಕು ಮತ್ತು ಟೊಮೇಟೊ ಒಂದೇ ಕುಟುಂಬದ ಗಿಡಗಳು. ತಂಬಾಕಿನ ಮೊಸಾಯಿಕ್ ನಂಜುರೋಗದ ವೈರಸ್ ಒಣಗಿದ ಎಲೆಯಲ್ಲೂ ಉಳಿಯುತ್ತದೆ. ಕುದಿಸದೆ ನೆನೆಸಿದ ನೀರಿನಿಂದ ಅದು ಟೊಮೇಟೊ, ಮೆಣಸಿನಕಾಯಿಗೆ ತಗಲಬಹುದು. ಸಿಂಪಡಿಸಿದ ಹುರುಳಿಕಾಯಿಯನ್ನು ಸಂತೆಗೆ ಒಯ್ಯಬೇಡಿ, ದನಗಳಿಗೂ ಹಾಕಬೇಡಿ. ಉಳಿದ ಕಷಾಯವನ್ನು ಮುಚ್ಚಿ, ಮಕ್ಕಳಿಗೆ ಸಿಗದಂತೆ ಇಟ್ಟು, ತಂದೆಯವರ ಸ್ಥಿತಿಯನ್ನು ತಿಳಿಸಿ.

ಚನ್ನರಾಯಪಟ್ಟಣದ ಸದಸ್ಯರು: ನಮ್ಮ ತಾತನವರು ತಂಬಾಕಿನ ನೀರನ್ನೇ ಹೊಡೆಯುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ. ಇಂತಹ ಭಯ ಹುಟ್ಟಿಸಿದರೆ ರೈತರು ಕಂಪನಿಯ ಬಾಟಲಿಗೇ ಮರಳುತ್ತಾರೆ.

ಸಕಲೇಶಪುರದ ಸದಸ್ಯರು: ಅಣ್ಣ, ಒಬ್ಬರು ವಾಂತಿ ಮಾಡಿಕೊಳ್ಳುತ್ತಿರುವಾಗ ತಾತನವರ ಮಾತು ಬೇಕಿತ್ತೇ? ಆ ಸಂದೇಶವನ್ನು ಹಾಕಿದವರು ನೀವೇ ಅಲ್ಲವೇ?

ಚನ್ನರಾಯಪಟ್ಟಣದ ಸದಸ್ಯರು: ನಾನು ಬರೆದದ್ದಲ್ಲ, ಬಂದದ್ದನ್ನು ಹಂಚಿದ್ದೇನೆ. ಕಾಫಿ ತೋಟದವರಿಗೆ ತರಕಾರಿಯ ಕಷ್ಟ ತಿಳಿಯುವುದಿಲ್ಲ.

ಸಕಲೇಶಪುರದ ಸದಸ್ಯರು: ಅರ್ಧ ಎಕರೆಯಲ್ಲಿ ಬೀನ್ಸ್ ಬೆಳೆಯುತ್ತಿರುವವನು ನಾನು. ಹಂಚುವ ಮೊದಲು ಕೇಳಬೇಕೆಂಬ ಜವಾಬ್ದಾರಿ ನಿಮಗಿಲ್ಲವೇ?

ಕೀಟತಜ್ಞೆ: ಇಬ್ಬರೂ ನಿಲ್ಲಿಸಿ. ಆ ಸಂದೇಶವನ್ನು ದಯವಿಟ್ಟು ಅಳಿಸಿ. ನಾನು ಯಾರ ಕಂಪನಿಯ ಪರವೂ ಬರೆಯುತ್ತಿಲ್ಲ. ಹೇನಿಗೆ ಬೇವು ಅಥವಾ ಹೊಂಗೆಯ ಸೋಪನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಎಲೆಯ ಕೆಳಭಾಗ ನೆನೆಯುವಂತೆ ಸಿಂಪಡಿಸಿದರೆ ಸಾಕು.

ತರೀಕೆರೆಯ ಸದಸ್ಯೆ: ಬದನೆಯ ಕಾಯಿಯೊಳಗೆ ಹುಳುಗಳಿವೆ. ಹತ್ತು ಬಗೆಯ ಎಲೆಗಳ ದಶಪರ್ಣಿ ಕಷಾಯ ಸಾಕೇ?

ಬೇಲೂರಿನ ಸದಸ್ಯರು: ಪಾಲಕ್ ಸೊಪ್ಪಿಗೆ ಉಮ್ಮತ್ತಿ ಮತ್ತು ಕಣಗಿಲೆ ಸೇರಿಸಿದ ಕಷಾಯವನ್ನು ಹೊಡೆಯಬಹುದೆಂದು ಒಂದು ವಿಡಿಯೋದಲ್ಲಿ ಹೇಳಿದ್ದಾರೆ. ಮೇಡಂ, ಹೌದೇ?

ಕೀಟತಜ್ಞೆ: ಬೇಡ. ಉಮ್ಮತ್ತಿಯೂ ಕಣಗಿಲೆಯೂ ಮನುಷ್ಯರಿಗೆ ವಿಷ. ಕಣಗಿಲೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಸೊಪ್ಪನ್ನು ಎಲೆಸಮೇತ ತಿನ್ನುತ್ತೇವೆ ಎಂಬುದನ್ನು ವಿಡಿಯೋ ಮಾಡಿದವರು ಯೋಚಿಸಬೇಕಿತ್ತು. ದಯವಿಟ್ಟು ಇನ್ನು ವಿಡಿಯೋಗಳನ್ನು ಕಳುಹಿಸಬೇಡಿ.

ಹಾಸನದ ಸದಸ್ಯರು: ಆಲೂಗಡ್ಡೆಯ ಎಲೆಗಳು ಕಪ್ಪಾಗಿ ಕರಗುತ್ತಿವೆ. ಬೇವಿನೆಣ್ಣೆ ಎಷ್ಟು ಹಾಕಬೇಕು?

ಕೀಟತಜ್ಞೆ: ಅಂಗಮಾರಿ ರೋಗವಾಗಿದ್ದರೆ ಬೇವಿನೆಣ್ಣೆಯಿಂದ ನಿಲ್ಲುವುದಿಲ್ಲ. ಗಿಡದ ಎಲೆಗಳನ್ನು ಇಂದೇ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ.

ಚನ್ನರಾಯಪಟ್ಟಣದ ಸದಸ್ಯರು: ಅಳಿಸಿದ್ದೇನೆ. ಆದರೆ ಎಲ್ಲರ ಮುಂದೆ ಹೀಗೆ ಹೇಳುವ ಅಗತ್ಯವಿರಲಿಲ್ಲ.

ಅರಕಲಗೂಡಿನ ಸದಸ್ಯರು: ಆಸ್ಪತ್ರೆಯಲ್ಲಿದ್ದೇವೆ. ತಂಬಾಕೆಂದು ಹೇಳಿದ ಕೂಡಲೇ ಚಿಕಿತ್ಸೆ ಆರಂಭಿಸಿದರು. ವಾಂತಿ ನಿಂತಿದೆ, ರಾತ್ರಿ ಇಲ್ಲೇ ಇರಬೇಕಂತೆ. ಮೇಡಂ, ಆ ಅಂಗಿಯನ್ನು ಒಗೆದು ಮತ್ತೆ ಹಾಕಿಕೊಳ್ಳಬಹುದೇ?

ಕೀಟತಜ್ಞೆ: ಬೇಡ. ಯಾರೂ ಬರಿಗೈಯಲ್ಲಿ ಮುಟ್ಟಬಾರದು. ಚೀಲದಲ್ಲಿ ಕಟ್ಟಿ ಹೊರಗಿಡಿ. ಮನೆಯಲ್ಲಿ ಕ್ಯಾನನ್ನು ಮುಟ್ಟಿದವರೆಲ್ಲರೂ ಸೋಪು ಹಾಕಿ ಕೈ ತೊಳೆದಿದ್ದಾರೆಯೇ ಎಂದು ಈಗಲೇ ಫೋನ್ ಮಾಡಿ ಕೇಳಿ.

ತರೀಕೆರೆಯ ಸದಸ್ಯೆ: ಮೇಡಂ, ನನ್ನ ಬದನೆಯ ಪ್ರಶ್ನೆ ಹಾಗೆಯೇ ಉಳಿದಿದೆ.